ಚಾಸಿ ಕಂಪನಿದು, ಬಾಡಿ ನಮ್ಮದು

ಹೊಸಪೇಟೆ
12 ನವೆಂಬರ್ 2007

ಹೊನ್ನೂರಣ್ಣನಿಗೆ ಅಚ್ಯುತನ ನಮಸ್ಕಾರಗಳು.

ಒರಿಸ್ಸಾ ಸೇರಿದ ಮೇಲೆ ನೀವೇ ಕಾಗದ ಹಾಕುತ್ತೀರಿ ಅಂತ ಕಾದೆ. ಹಾಕಲಿಲ್ಲ. ಕಂಪ್ಲಿಯ ನಿಮ್ಮ ಮನೆಗೆ ಹೋಗಿದ್ದಾಗ ದ್ಯಾಮಕ್ಕನ ಹತ್ತಿರ ವಿಳಾಸ ಇಸಕೊಂಡು ಬಂದು ನಾನೇ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿಮ್ಮ ಹಿಂದೆ ಯಾರೋ ಹಾರ್ನ್ ಹೊಡೆಯುತ್ತಾರೆ, ಇಲ್ಲಿ ಸೈಬರ್‌ ಅಂಗಡಿಯಲ್ಲಿ ನನ್ನ ತಲೆ ಮೇಲೆ ನಿಂತು ಯಾರೋ "ಜಲ್ದಿ ಪ್ರಿಂಟ್ ಕೊಡ್ರಿ" ಅನ್ನುತ್ತಾರೆ. "ಊಟ ಆತಾ", "ಆತು" ಅನ್ನುವುದರೊಳಗೆ ರೋಮಿಂಗ್ ದುಡ್ಡೆಲ್ಲಾ ತಿಂದುಹಾಕುತ್ತದೆ. ಈ ವಿಷಯಕ್ಕೆ ಕಾಗದವೇ ಸರಿ.

ವಿಷಯ ಏನೆಂದರೆ, ನಿಮ್ಮ ಲಾರಿ ಎಲ್ಲಮ್ಮ ಈಗ ಯುರೋಪಿನಲ್ಲಿ ಓಡುತ್ತಿದ್ದಾಳೆ.

ಗಾಬರಿ ಬೀಳಬೇಡಿ, ಲಾರಿ ನಿಮ್ಮ ಹತ್ತಿರವೇ ಇದೆ. ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಒಂದು ಆಟ ಇದೆಯಲ್ಲ, ನೀವು ಒಂದು ಸಲ ನನ್ನ ಹಿಂದೆ ನಿಂತು ನೋಡಿ, "ಇದೇನ್ರಿ ಆಚಾರ್ರೆ, ಗೇರ್ ಹಾಕಿದ್ರ ಕೈ ನೋಯಂಗಿಲ್ಲ, ಇದು ಯಾವ ಸೀಮಿ ಲಾರಿ" ಅಂದಿದ್ದಿರಿ, ಅದೇ ಆಟ. ಅದನ್ನು ಮಾಡಿದ ಕಂಪನಿ ಅಲ್ಲಿಯದು, ಲಾರಿಗಳೂ ಅಲ್ಲಿಯವೇ, ಎಲ್ಲಾ ತೊಳೆದಿಟ್ಟ ಹಾಗೆ ಬೆಳ್ಳಗೆ. ನೋಡಿ ನೋಡಿ ಬೇಜಾರಾಗಿ ಆಟದ ಹೊಟ್ಟೆ ಬಿಚ್ಚಿ ನಮ್ಮ ಲಾರಿಯನ್ನು ಒಳಗೆ ಸೇರಿಸಿದೆ. ಹೀಗೆ ಬೇರೆಯವರ ಆಟದೊಳಗೆ ನಮ್ಮದೊಂದು ಕಟ್ಟಿ ಕೂಡಿಸುವುದಕ್ಕೆ ಮಾಡ್ ಅನ್ನುತ್ತಾರೆ. ಹೋದ ಬೇಸಿಗೆಯಲ್ಲಿ ಚಿತ್ತವಾಡ್ಗಿಯ ಉಚ್ಚೆಂಗಪ್ಪನ ಪೇಂಟಿಂಗ್ ಶೆಡ್ಡಿನಲ್ಲಿ ನಾನು ಕ್ಯಾಮೆರಾ ಹಿಡಿದು ಎಲ್ಲಮ್ಮನ ಸುತ್ತ ತಿರುಗುವಾಗ, "ಹೆಣ್ಣು ನೋಡಾಕ ಬಂದೀರೇನು" ಅಂತ ಎಲ್ಲರ ಮುಂದೆ ಮಾನ ಕಳೆದಿರಲ್ಲ, ಅದು ಈ ಕೆಲಸಕ್ಕೆ. ಸಂಡೂರು ಘಾಟ್ ಹತ್ತುವಾಗಿನ ಎಂಜಿನ್ ಸದ್ದು, ನಿಮ್ಮ ಹಾರ್ನು, ಕನ್ನಡಿಗೆ ಕಟ್ಟಿದ ಗೊಂಡೆ, ಮುಂದಿನ ನಿಂಬೆಹಣ್ಣು ಎಲ್ಲಾ ಇದೆ. ಇಂಟರ್‌ನೆಟ್ಟಿಗೆ ಹಾಕಿದೆ. ಯಾರ್ಯಾರೋ ಇಳಿಸಿಕೊಂಡು ಓಡಿಸುತ್ತಿದ್ದಾರೆ. ಜರ್ಮನಿಯ ಒಬ್ಬ, ಗಾಲಿ ಎಲ್ಲಾ ಕೆಂಪಗಿದೆಯಲ್ಲ, ತುಕ್ಕು ಹಿಡಿದಿದೆಯಾ ಅಂತ ಕೇಳಿದ. ಅಲ್ಲಪ್ಪಾ, ಅದು ಸಂಡೂರಿನ ಧೂಳು ಅಂತ ಬರೆದೆ. ಹಾಗಾದರೆ ಇನ್ನೂ ಸ್ವಲ್ಪ ಜಾಸ್ತಿ ಹಾಕು ಅಂದ. ಅವತ್ತು ನನಗಾದ ಖುಷಿ ನಿಮಗೆ ಹೇಳಬೇಕೆನ್ನಿಸಿತು.

ನಿಮ್ಮ,
ಅಚ್ಯುತ

*

ಬಾರ್‌ಬಿಲ್
3 ಡಿಸೆಂಬರ್ 2007

ಅಚ್ಯುತಾಚಾರ್ರಿಗೆ ಹೊನ್ನೂರುಸ್ವಾಮಿ ಮಾಡುವ ಶರಣು. ನಾನು ಮಾತಾಡಿದಂಗ ಬರೀತೀನಿ, ತಪ್ಪು ತೆಗೀಬ್ಯಾಡ್ರಿ.

ಕಾಗದ ಮುಟ್ಟಿತು. ಇಲ್ಲಿ ಅದಿರು ಯಾರ್ಡಿನಾಗ ನಮ್ಮ ಬಳ್ಳಾರಿ ಕಡೆ ಡ್ರೈವರ್ ಮಂದಿ ಭಾಳ ಅದಾರ. ಎಲ್ಲಾರ ಮುಂದ ಜೋರಾಗಿ ಓದಿದೆ. ನನ್ನ ಲಾರಿ ಜರ್ಮನ್ಯಾಗ ಓಡಾಕತ್ತೈತಿ ಅಂತ ಹೇಳಿ ಎಲ್ಲಾರಿಗೂ ಚಹಾ ಕುಡಿಸಿದೆ. ಎದಿ ಉಬ್ಬಿತ್ರಿ.

ಚಹಾ ಕುಡಿದ ಮ್ಯಾಲ ಒಬ್ಬ ಕೇಳಿದ, "ಅಣ್ಣಾ, ಬಾಡಿಗಿ ಎಷ್ಟು ಬಂತು?" ಹೌದಲ್ರಿ! ಲಾರಿ ಓಡಿದ ಮ್ಯಾಲ ಬಾಡಿಗಿ ಬರಬೇಕಲ್ಲ? ಒಬ್ಬ ಇಳಿಸ್ಕೊಂಡ್ರ ಒಂದು ಟ್ರಿಪ್ಪು ಅಂತ ಹಿಡೀರಿ. ಅವ ಎಷ್ಟು ಸಲ ಓಡಿಸ್ಕೊಂತಾನೋ ಅದು ಅವನ ಕರ್ಮ. ಜರ್ಮನಿ ಟ್ರಿಪ್ಪಿಗೆ ಹೊಸಪೇಟಿಯಿಂದ ಅಲ್ಲೇ ಕಮಲಾಪುರಕ್ಕ ಹೋಗಿ ಬರೋ ರೇಟ್ ಹಾಕಿ ಬಂದೀರೋ ಏನೋ ಅಂತ ನನಗ ಚಿಂತಿ ಹತ್ತೈತಿ. ನೀವು ಭಾಳ ಮೆತ್ತಗಿನ ಮನುಷ್ಯ. ಪಾರ್ಟಿ ಜೋಡಿ ಮಾತಾಡೂದು ನನಗ ಬಿಡ್ರಿ.

ನನಗ ಏನೂ ಬ್ಯಾಡ್ರಿ, ಗಾಲಿ ಸವೆದಿಲ್ಲ, ಡೀಸೆಲ್ ಸುಟ್ಟಿಲ್ಲ. ಬಾಡಿಗಿ ನೀವ ಇಟ್ಕೋರಿ. ಆದ್ರ ಬಾಡಿಗಿ ಇಲ್ಲದ ಲಾರಿ ಓಡಿತು ಅಂದ್ರ ಯಾರ್ಡಿನಾಗ ನನಗ ಮರ್ಯಾದಿ ಇರಂಗಿಲ್ಲ.

ಹೊನ್ನೂರುಸ್ವಾಮಿ

*

ಹೊಸಪೇಟೆ
24 ಡಿಸೆಂಬರ್ 2007

ಹೊನ್ನೂರಣ್ಣನಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ನಕ್ಕೂ ನಕ್ಕೂ ಸಾಕಾಯಿತು. ಬಾಡಿಗೆ ಇಲ್ಲ ಅಣ್ಣಾ. ಒಂದು ಪೈಸೆಯೂ ಇಲ್ಲ. ಮಾಡ್ ಅಂದರೆ ಪುಕ್ಕಟೆ. ಮಾರಬಾರದು ಅಂತ ಆಟದ ಕಂಪನಿಯೇ ಷರತ್ತು ಹಾಕಿದೆ.

ಷರತ್ತು ಇಲ್ಲದಿದ್ದರೂ ನಾನು ಕೇಳುತ್ತಿರಲಿಲ್ಲ. ಯಾವ ಬಾಯಿಂದ ಕೇಳಲಿ? ಆಟ ಕಂಪನಿಯದು. ಗಾಲಿ ಕಟ್ಟಿಕೊಟ್ಟವರು ಪೋಲಂಡಿನವರೊಬ್ಬರು, ನನ್ನ ಮುಖ ಸಹ ನೋಡಿಲ್ಲ, ಕೇಳಿದ ಕೂಡಲೇ ಕೊಟ್ಟರು. ಚಿತ್ರ ಉಚ್ಚೆಂಗಪ್ಪನದು. ಹಾರ್ನು ನಿಮ್ಮದು. ನಾನು ಕೂತು ಜೋಡಿಸಿದೆ, ಅಷ್ಟೇ. ನೀವು ಕನ್ನಡಿಗೆ ಗೊಂಡೆ ಕಟ್ಟಿಕೊಂಡಿರಲ್ಲ, ಅದಕ್ಕೆ ಯಾರಾದರೂ ದುಡ್ಡು ಕೊಟ್ಟರಾ? ಚೆಂದ ಕಾಣಲಿ ಅಂತ ಕಟ್ಟಿದಿರಿ. ನಾನೂ ಹಾಗೇ.

ಮನೆಯಲ್ಲಿ ಅಪ್ಪ ನಿಮ್ಮ ಪಕ್ಷ. ದಿನಾ ಬೆಳಗ್ಗೆ ದೇವಸ್ಥಾನಕ್ಕೆ ಹೊರಡುವಾಗ, "ದೇವರ ಮುಂದೂ ಒಂದು ತಟ್ಟೆ ಇರ್ತದೋ, ನಿನ್ನ ಕೆಲಸಕ್ಕ ಅದೂ ಇಲ್ಲ" ಅಂದೇ ಚಪ್ಪಲಿ ಹಾಕಿಕೊಳ್ಳುವುದು. ನಮ್ಮ ಸೈಬರ್ ಮಾಲೀಕ ಹಾಲಸ್ವಾಮಿ ಮಾತ್ರ ಜಾಣ. "ಸಂಡೂರು ಲಾರಿ ಆಟ ಇಲ್ಲಿ ಸಿಗುತ್ತದೆ" ಅಂತ ಹೊರಗೆ ಬೋರ್ಡ್ ಹಾಕಿ ಗಂಟೆ ಲೆಕ್ಕದಲ್ಲಿ ವಸೂಲಿ ಮಾಡುತ್ತಿದ್ದಾನೆ. ಬಸ್ಸಿಗೆ ಕಾಯುವ ಡ್ಯಾಂ ಕಡೆ ಜನ ಬಂದು ಆಡಿ ಹೋಗುತ್ತಾರೆ. ಅದನ್ನು ಮಾಡಿದವನು ಇವನೇ ಅಂತ ನನ್ನನ್ನು ತೋರಿಸುತ್ತಾನೆ. ನನಗೆ ಅಷ್ಟೇ ಸಾಕು ಅನ್ನಿಸುತ್ತದೆ.

ಅಚ್ಯುತ

*

ಬಾರ್‌ಬಿಲ್
20 ಜನವರಿ 2008

ಆಚಾರ್ರೆ,

ಸಾಕು ಅನ್ನಿಸ್ತದ? ಭೇಷ್! ಹಾಲಸ್ವಾಮಿ ರೊಕ್ಕ ಎಣಸ್ತಾನ, ನೀವು ಬೋರ್ಡು ನೋಡಿ ಖುಷಿ ಪಡ್ರಿ.

ನೀವು ಓದಿದವರು ಅಂತ ಎದುರು ಹೇಳಾಕ ಅಂಜಿಕಿ, ಆದ್ರೂ ಹೇಳ್ತೀನಿ. ನಾನು ಎಲ್ಲಮ್ಮನ್ನ ಶೋರೂಮಿನಿಂದ ತಂದಾಗ ಅದು ಲಾರಿ ಆಗಿರ್ಲಿಲ್ಲ. ಬರೇ ಚಾಸಿ. ಎಂಜಿನ್ನು, ಗಾಲಿ, ಸ್ಟೇರಿಂಗು. ಬಾಗಿಲಿಲ್ಲ, ಮ್ಯಾಲ ತಗಡಿಲ್ಲ, ಕುಂದ್ರಾಕ ಸೀಟಿಲ್ಲ. ಹಣ್ಣಿನ ಪೆಟ್ಟಿಗಿ ಮ್ಯಾಲ ಕುಂತು, ತಲಿಗೆ ಟವಲ್ ಸುತ್ಕೊಂಡು, ಬಾಯಾಗ ಧೂಳು ತಿನ್ಕೊಂತ ಹೊಸಪೇಟಿತನಕ ಓಡಿಸ್ಕೊಂಡು ಬಂದೆ. ಹೊಸಪೇಟ್ಯಾಗ ಬಾಡಿ ಶೆಡ್ಡಿಗೆ ಬಿಟ್ಟೆ. ಕ್ಯಾಬಿನ್ ಕಟ್ಟಿದ್ರು, ಟ್ರಾಲಿ ಕೂಡಿಸಿದ್ರು, ಉಚ್ಚೆಂಗಪ್ಪ ಬಣ್ಣ ಹೊಡದ. ಆವಾಗ ಅದು ಎಲ್ಲಮ್ಮ ಆತು. ಬಾಡಿ ಕಟ್ಟಿದ ಮನುಷ್ಯ, "ಹೊನ್ನೂರಣ್ಣ, ಚಾಸಿ ಕಂಪನಿದು, ಕಟ್ಟಿಗಿ ಸಾ ಮಿಲ್ಲಿಂದು, ನಾ ಯಾವ ಬಾಯಿಲೆ ರೊಕ್ಕ ಕೇಳ್ಲಿ" ಅಂದನೇನ್ರಿ? ಕೇಳಿದ, ತಗೊಂಡ, ತಗೊಂಡ ಮ್ಯಾಲೂ ಗ್ರೀಸಿಗೆ ಬ್ಯಾರೆ ಕೇಳಿದ!

ಗೊಂಡೆ ಬ್ಯಾರೆ, ಬಾಡಿ ಬ್ಯಾರೆ. ಗೊಂಡೆ ನನ್ನ ಖುಷಿಗೆ ಕಟ್ಟೀನಿ, ಖರೆ. ನೀವು ಕಟ್ಟಿದ್ದು ಗೊಂಡೆ ಅಲ್ಲ. ಚಾಸಿ ಅವರದು, ಬಾಡಿ ನಮ್ಮದು. ಇದನ್ನ ಆ ಕಂಪನಿಗೆ ಇಂಗ್ಲೀಷಿನಾಗ ಬರೀರಿ.

ಸೊಂಟ ಸ್ವಲ್ಪ ಹಿಡ್ಕೊಂಡೈತಿ, ಭಾಳ ಬರಿಯಾಕ ಆಗವಲ್ದು.

ಹೊನ್ನೂರುಸ್ವಾಮಿ

*

ಹೊಸಪೇಟೆ
9 ಜೂನ್ 2008

ಹೊನ್ನೂರಣ್ಣಾ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಬೈಯಬೇಡಿ. ಬರೆಯುವಂಥದ್ದು ಈಗ ಬಂತು.

ನೀವು ಹೇಳಿದ ಹಾಗೆ ನಾನು ಕಂಪನಿಗೆ ಏನೂ ಬರೆದಿರಲಿಲ್ಲ. ಅವರೇ ಬರೆದರು. ಆಟವನ್ನು ಹೊಸದಾಗಿ ಮಾಡಿ ಮಾರುತ್ತಾರಂತೆ, ಅದರಲ್ಲಿ ಬೇರೆ ಬೇರೆ ದೇಶದ ಲಾರಿಗಳು ಇರುತ್ತವಂತೆ, ಎಲ್ಲಮ್ಮ ಬೇಕಂತೆ. ದುಡ್ಡು ಕೊಡುತ್ತಾರೆ. ಇದು ಚೆನ್ನಾಗಿ ನಡೆದರೆ ಮುಂದೆಯೂ ಕೆಲಸ ಕೊಡುತ್ತಾರೆ. ಕಾಗದ ಓದಿ ಎದ್ದು ಹೊರಗೆ ಹೋಗಿ ಒಂದು ಸೋಡಾ ಕುಡಿದು ಬಂದು ಮತ್ತೆ ಓದಿದೆ. ಹಾಗೇ ಇತ್ತು.

ನಿಮಗೆ ಒಂದು ಮಾತು ಹೇಳಬೇಕು. ಅಪ್ಪ ತಮಗೆ ಗೊತ್ತಿದ್ದವರಿಗೆ ಹೇಳಿ ಸಂಡೂರಿನ ಹತ್ತಿರ ಒಂದು ಗಣಿಯ ವೇಬ್ರಿಡ್ಜಿನಲ್ಲಿ ನನಗೆ ಗುಮಾಸ್ತನ ಕೆಲಸ ಹಿಡಿದಿದ್ದಾರೆ. ದಸರಾ ಮುಗಿದ ಮೇಲೆ ಸೇರಬೇಕು. ಲಾರಿ ಬರುತ್ತದೆ, ತೂಕ ಬರೆದುಕೊಳ್ಳಬೇಕು, ಲಾರಿ ಹೋಗುತ್ತದೆ, ಇನ್ನೊಂದು ಬರುತ್ತದೆ. ಸಂಬಳ ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ಸೇರಿದರೆ ನನ್ನ ಕೈಯಿಂದ ಇನ್ನೊಂದು ಲಾರಿ ಏಳುವುದಿಲ್ಲ ಅಂತ ನನಗೆ ಗೊತ್ತು. "ನಿನ್ನ ಆಟದಿಂದ ಅನ್ನ ಹುಟ್ಟತದ ಅಂತ ತೋರಿಸು, ನಾ ಬಾಯಿ ಮುಚ್ಚತೀನಿ" ಅಂತ ಅಪ್ಪ ಅಂದಿದ್ದಾರೆ. ಇದು ಆದರೆ ತೋರಿಸಬಹುದು.

ಎಲ್ಲಮ್ಮನಲ್ಲಿ ಯಾರ್ಯಾರ ಕೈ ಇದೆಯೋ ಅವರೆಲ್ಲಾ ಒಪ್ಪಿಗೆ ಸಹಿ ಹಾಕಬೇಕು. ಪೋಲಂಡಿನವರು ಹಾಕಿದರು. ಉಚ್ಚೆಂಗಪ್ಪ ಹಾಕಿದ, ಆದರೆ ಹಿಂದಿನ ಹಲಗೆ ಮೇಲಿನ ಗಿಳಿಗೆ ಮಾತ್ರ ದುಡ್ಡು ಬೇಡವಂತೆ. "ಅದನ್ನ ಯಾರೂ ಬರಿ ಅಂದಿದ್ದಿಲ್ಲಪ, ಬಣ್ಣ ಉಳದಿತ್ತು, ಮನಸ್ಸು ಬಂತು, ಬರದೆ" ಅಂದ. ಇನ್ನು ಉಳಿದದ್ದು ಲಾರಿ ಮಾಲೀಕರಾದ ನಿಮ್ಮ ಸಹಿ. ಫಾರಂ ಇದರ ಜೊತೆ ಇಟ್ಟಿದ್ದೇನೆ.

ಒಂದು ಷರತ್ತಿದೆ. ಅವರು ತೆಗೆದುಕೊಂಡ ಮೇಲೆ ಪುಕ್ಕಟೆ ಎಲ್ಲಮ್ಮನನ್ನು ಇಂಟರ್‌ನೆಟ್ಟಿನಿಂದ ತೆಗೆಯಬೇಕು. ಬೇಕಾದವರು ಕೊಂಡು ಆಡುತ್ತಾರೆ. ಬಾಡಿಗೆ ಇಲ್ಲದೆ ಓಡಬಾರದು ಅಂತ ನೀವೇ ಅಂದಿದ್ದಿರಲ್ಲ! ಬೇಗ ಕಳಿಸಿ.

ಅಚ್ಯುತ

*

ಬಾರ್‌ಬಿಲ್
6 ಜುಲೈ 2008

ಅಚ್ಯುತಾಚಾರ್ರಿಗೆ,

ಕಾಗದ ಮುಟ್ಟಿತು. ಸಂತೋಷ. ಎಲ್ಲಮ್ಮ ಚಂದ ಅದಾಳ. ಇಲ್ಲಿ ಮಳಿ ಹಿಡದೈತಿ. ದ್ಯಾಮವ್ವನೂ ಕಂಪ್ಲಿಯಿಂದ ಇಲ್ಲಿಗೇ ಬಂದಾಳ.

ಸಹಿ ವಿಚಾರ ನೋಡೋಣು. ಅವಸರ ಏನೈತಿ. ಪುಕ್ಕಟೆ ಇರೂದನ್ನ ಯಾಕ ತೆಗೀಬೇಕು? ಓಡಿಸೋ ಮಂದಿ ಪಾಪ, ಅವರೇನು ಮಾಡ್ಬೇಕು? ರೊಕ್ಕನೇ ಎಲ್ಲಾ ಅಲ್ರಿ.

ಹೊನ್ನೂರುಸ್ವಾಮಿ

*

ಹೊಸಪೇಟೆ
4 ಆಗಸ್ಟ್ 2008

ಶ್ರೀ ಹೊನ್ನೂರುಸ್ವಾಮಿಯವರಿಗೆ,

ತಮ್ಮ ಪತ್ರ ತಲುಪಿತು.

ಲಾರಿ ಓಡಿದ ಮೇಲೆ ಬಾಡಿಗೆ ಬರಬೇಕು ಅಂದವರು ತಾವು. ಚಾಸಿ, ಬಾಡಿ, ಹಣ್ಣಿನ ಪೆಟ್ಟಿಗೆ ಅಂತ ಪಾಠ ಹೇಳಿದವರು ತಾವು. ಆ ಕಾಗದವನ್ನು ನಾನು ಅಪ್ಪನಿಗೆ ಓದಿ ಹೇಳಿದ್ದೆ, ಅವರು "ಮನುಷ್ಯ ಬರೋಬ್ಬರಿ ಹೇಳ್ಯಾನ" ಅಂದಿದ್ದರು. ಈಗ ದುಡ್ಡು ಬರುವ ಹೊತ್ತಿಗೆ ರೊಕ್ಕನೇ ಎಲ್ಲಾ ಅಲ್ಲ ಅನ್ನುವವರೂ ತಾವೇ. ನನಗೆ ಅರ್ಥವಾಗುತ್ತಿಲ್ಲ ಅಂತ ಬರೆಯಬಹುದು. ಆದರೆ ಅರ್ಥವಾಗುತ್ತಿದೆ. ಪಾಲು ಎಷ್ಟು ಅಂತ ನಾನು ಮೊದಲೇ ಬರೆಯದೆ ಇದ್ದದ್ದು ತಪ್ಪಾಯಿತು. ಅರ್ಧ ತಮಗೆ. ಇನ್ನೇನು ಬೇಕು ಹೇಳಿ.

ಕಂಪನಿಯವರು ಎರಡನೇ ಸಲ ಕೇಳಿದ್ದಾರೆ. ಇಲ್ಲಿ ಅಪ್ಪ ನನಗೆ ವೇಬ್ರಿಡ್ಜಿಗೆ ಹಾಕಿಕೊಂಡು ಹೋಗಲು ಎರಡು ಜೊತೆ ಬಟ್ಟೆ ಹೊಲಿಯಲು ಕೊಟ್ಟಾಗಿದೆ.

ಅಚ್ಯುತ

*

ಬಾರ್‌ಬಿಲ್
30 ಆಗಸ್ಟ್ 2008

ಲೇ ಅಚ್ಯುತ,

ಇನ್ನ ಮ್ಯಾಲ ಆಚಾರ್ರೆ ಗೀಚಾರ್ರೆ ಇಲ್ಲ. ಅರ್ಧ ಕೊಡ್ತಾನಂತ, ಅರ್ಧ! ನಿನ್ನ ಅರ್ಧ ನೀನ ಇಟ್ಕೋ. ಘಾಟಿನಾಗ ಎಂಜಿನ್ ಸದ್ದು ಹಿಡಿಯಾಕ ನನ್ನ ಬಾಜೂಕ ಕುಂತಿದ್ದಲ್ಲ, ಮೂರನೇ ತಿರುವಿನಾಗ ವಾಂತಿ ಮಾಡ್ಕೊಂಡಾಗ ನೀರು ಹಾಕಿದವ ನಾನು. ಅವತ್ತು ಅರ್ಧ ಕೇಳಿದ್ನೇನು? "ಶ್ರೀ" ಅಂತ "ತಮ್ಮ" ಅಂತ! ಓದಿ ಮೈ ಉರೀತು.

ಸಹಿ ಯಾಕ ಹಾಕಿಲ್ಲ ಅಂದ್ರ, ನಾ ಮಾಲೀಕ ಅಲ್ಲ. ಎಲ್ಲಮ್ಮನ್ನ ಮಾರಿಬಿಟ್ಟೆ. ಹೋಳಿ ಹುಣ್ಣಿವಿ ಮುಂದ. ಡಾಕ್ಟರು ಸೊಂಟದ ಫೋಟೋ ತೆಗೆದು, ಇನ್ನ ಕ್ಲಚ್ ತುಳಿದ್ರ ನಿಂದ್ರಾಕ ಆಗಂಗಿಲ್ಲ ಅಂದ. ಬ್ಯಾರೆ ಡ್ರೈವರ್‌ನ ಇಟ್ಟು ಓಡ್ಸೂದು ನನ್ನ ಕೈಲಾಗಂಗಿಲ್ಲ, ಬ್ಯಾರೆಯವರು ಗೇರ್ ಹಾಕಿದ್ರ ನನ್ನ ಹಲ್ಲು ನೋಯ್ತಾವ. ಇಲ್ಲಿಯವರೇ ಒಬ್ಬರು ತಗೊಂಡ್ರು. ಈಗ ಮೈಯೆಲ್ಲಾ ನೀಲಿ ಬಣ್ಣ, ಮುಂದ ಅವರ ದೇವರ ಹೆಸರು. ಚಲೋ ಮಂದಿ, ಏನೂ ಅನ್ನಂಗಿಲ್ಲ. ನಾನೂ ದ್ಯಾಮವ್ವನೂ ಯಾರ್ಡಿನ ಬಾಜೂಕ ರೊಟ್ಟಿ ಊಟದ ಹೋಟ್ಲು ಹಾಕೀವಿ. ನಮ್ಮ ಕಡೆ ಡ್ರೈವರ್ ಮಂದಿ ಸಾಲು ಹಚ್ಚಿ ತಿಂತಾರ. ಟೈಮಿಗೆ ಊಟ, ಟೈಮಿಗೆ ನಿದ್ದಿ. ಸುಳ್ಳು ಯಾಕ ಹೇಳ್ಲಿ, ಆರಾಮ ಅದೀವಿ. ನಿನಗ ಯಾಕ ಹೇಳ್ಲಿಲ್ಲ ಅಂದ್ರ, ಕಾಗದದಾಗ ನೀನು ಎಲ್ಲಮ್ಮ ಎಲ್ಲಮ್ಮ ಅಂತ ಬರಿಯೂದು ಓದಾಕ ಹಿತ ಅನ್ನಸ್ತಿತ್ತು. ನಿಂತುಹೋದೀತು ಅಂತ ಹೇಳ್ಲಿಲ್ಲ.

ಜೂನ್ ತಿಂಗಳಾಗ, ನಿನ್ನ ಫಾರಂ ಬರೂಕಿಂತ ಮೊದಲ, ದ್ಯಾಮವ್ವನ್ನ ಕರ್ಕೊಂಡು ಬಜಾರಕ್ಕ ಹೋಗಿದ್ದೆ. ಅಲ್ಲೊಂದು ಕಂಪ್ಯೂಟರ್ ಅಂಗಡಿ. ಒಳಗ ಒಬ್ಬ ಮೀಸಿ ಮನುಷ್ಯ, ರೈಲ್ವೇದಾಗ ಕೆಲಸ ಅಂತ, ಆಟ ಆಡಾಕತ್ತಿದ್ದ. ಸದ್ದು ಕೇಳಿ ನಾನು ದಾರ್‍ಯಾಗ ನಿಂತುಬಿಟ್ಟೆ. ನನ್ನ ಎಂಜಿನ್ನು! ಹೋಗಿ ನೋಡಿದ್ರ ಎಲ್ಲಮ್ಮ, ಹಸಿರು ಬಣ್ಣ, ನಿಂಬಿಹಣ್ಣು, ಗೊಂಡೆ. ಹಿಮ ಬಿದ್ದ ರೋಡಿನಾಗ ಹೊಂಟಾಳ. ಆ ಮನುಷ್ಯಾಗ ಕನ್ನಡ ಓದಾಕ ಬರಂಗಿಲ್ಲ, ಯಾರ ಲಾರಿ ಅಂತ ಗೊತ್ತಿಲ್ಲ, ಏರಿನಾಗ ನಾಲ್ಕನೇ ಗೇರಿನಾಗ ಎಳೀತಾನ! ನಾನು ಹೆಗಲು ಹಿಡಿದು, "ಸೆಕೆಂಡ್ ಹಾಕೋ ಮಾರಾಯ, ಅಳಾಕತ್ತಾಳ" ಅಂದೆ. ಅವ ಗಾಬರಿಯಾಗಿ ಎದ್ದು ನನಗ ಕುರ್ಚಿ ಬಿಟ್ಟ. ನಾನು ಕುಂತೆ. ಗುಂಡಿ ಒತ್ತಾಕ ಬರ್ಲಿಲ್ಲ, ಸೀದಾ ಚರಂಡಿಗೆ ಹಾಕಿದೆ. ದ್ಯಾಮವ್ವ ನಕ್ಕಳು, ಆಮ್ಯಾಲ ಸೆರಗು ಬಾಯಿಗೆ ಇಟ್ಕೊಂಡ್ಳು. ಸೊಂಟ ಮಾತ್ರ ಒಂಚೂರೂ ನೋಯಲಿಲ್ಲ.

ಈಗ ವಾರಕ್ಕೊಮ್ಮೆ ಹೋಗ್ತೀನಿ. ಆ ಕಂಪನಿಯವರು ತಗೊಂಡ್ರ ಇದು ಆ ಅಂಗಡ್ಯಾಗ ಇರಂಗಿಲ್ಲ. ಹೌದಲ್ಲೋ? ಅದಕ್ಕ ಸಹಿ ಇಲ್ಲ. ಬೈಕೋ ಹೋಗು.

ಹೊನ್ನೂರುಸ್ವಾಮಿ

*

ಹೊಸಪೇಟೆ
22 ಸೆಪ್ಟೆಂಬರ್ 2008

ಹೊನ್ನೂರಣ್ಣಾ,

ಬೈಕೊಳ್ಳಲಿಲ್ಲ. ನಿಮ್ಮ ಕಾಗದ ಓದಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಅರ್ಧ ಕೊಡುತ್ತೇನೆ ಅಂತ ಬರೆದ ಕೈ ಇದು. ಕ್ಷಮಿಸಿ ಅಂತ ಬರೆದರೆ ಅದಕ್ಕೂ ಬೈಯುತ್ತೀರಿ, ಆದರೂ ಬರೆಯುತ್ತೇನೆ. ಕ್ಷಮಿಸಿ.

ಕಂಪನಿಗೆ ನಿನ್ನೆ ಉತ್ತರ ಹಾಕಿಬಿಟ್ಟೆ. ಎಲ್ಲಮ್ಮ ಮಾರಾಟಕ್ಕಿಲ್ಲ, ಅವಳು ಹೀಗೇ ಪುಕ್ಕಟೆ ಓಡಲಿ, ನಿಮಗೆ ನಮ್ಮ ಕಡೆಯ ಲಾರಿಯೇ ಬೇಕಿದ್ದರೆ ಹೊಸದು ಕಟ್ಟಿಕೊಡುತ್ತೇನೆ, ಅದಕ್ಕೆ ದುಡ್ಡು ಕೊಡಿ ಅಂತ ಬರೆದೆ. ಚಾಸಿ ನಿಮ್ಮದು, ಬಾಡಿ ನಮ್ಮದು ಅಂತಲೂ ಬರೆದೆ. ಇಂಗ್ಲಿಷಿನಲ್ಲಿ ಅದು ಅಷ್ಟು ಚೆನ್ನಾಗಿ ಬರಲಿಲ್ಲ.

ಅವರು ಒಪ್ಪುತ್ತಾರೆ ಅಂತ ನನಗೆ ನಂಬಿಕೆ ಇಲ್ಲ. ದಸರಾ ಆದ ಮೇಲೆ ವೇಬ್ರಿಡ್ಜಿಗೆ ಹೋಗುತ್ತೇನೆ. ಬೇಜಾರಿಲ್ಲ ಅಂದರೆ ಸುಳ್ಳು, ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಆದರೆ ವಾರಕ್ಕೊಮ್ಮೆ ನೀವು ಆ ಅಂಗಡಿಗೆ ಹೋಗಿ ಚರಂಡಿಗೆ ಬೀಳುತ್ತೀರಿ ಅಂತ ನೆನೆಸಿಕೊಂಡರೆ ನಗು ಬರುತ್ತದೆ. ಬಲಗೈ ಕೆಳಗಿನ ಬಾಣದ ಗುಂಡಿಗಳಿಂದ ತಿರುಗಿಸಬೇಕು ಅಣ್ಣಾ, ಮೇಲಿನ ಬಾಣ ಒತ್ತಿದರೆ ಮುಂದೆ ಹೋಗುತ್ತದೆ. ದ್ಯಾಮಕ್ಕನಿಗೂ ಕಲಿಸಿ.

ಅಚ್ಯುತ

*

ಬಾರ್‌ಬಿಲ್
24 ಸೆಪ್ಟೆಂಬರ್ 2008

ಅಚ್ಯುತಾ,

ನಿನ್ನ ಉತ್ತರಕ್ಕ ಕಾಯದ ಬರಿಯಾಕತ್ತೀನಿ. ಫಾರಂ ಒಳಗೈತಿ. ಸಹಿ ಹಾಕೀನಿ.

ದ್ಯಾಮವ್ವ ಬೈದಳು. ನಿನ್ನ ಹಳೇ ಕಾಗದಗಳನ್ನೆಲ್ಲಾ ಮತ್ತ ಓದು ಅಂದ್ಳು. ರೊಟ್ಟಿ ಬಡಿಯೂದನ್ನ ನಿಲ್ಲಿಸಿ ಕುಂತು ಕೇಳಿದ್ಳು. ಜೂನ್ ಕಾಗದದಾಗ ವೇಬ್ರಿಡ್ಜಿಂದು ಬಂತಲ್ಲ, ಅಲ್ಲಿ, "ನಿಂದ್ರು, ಇನ್ನೊಮ್ಮೆ ಓದು" ಅಂದ್ಳು. ಓದಿದೆ. "ಇದನ್ನ ಓದಿಯೂ ಸಹಿ ಹಾಕ್ಲಿಲ್ಲೇನು? ಆ ಹುಡುಗ ಜೀವನಾ ಎಲ್ಲಾ ಬ್ಯಾರೆಯವರ ಲಾರಿ ತೂಗಬೇಕೇನು?" ಅಂದ್ಳು. ಖರೆ ಹೇಳ್ತೀನಿ, ನಾನು ಅದನ್ನ ಓದೇ ಇರ್ಲಿಲ್ಲೋ. ಪುಕ್ಕಟೆ ಎಲ್ಲಮ್ಮನ್ನ ತೆಗೀಬೇಕು ಅನ್ನೂದು ಒಂದೇ ಕಣ್ಣಿಗೆ ಬಿದ್ದಿತ್ತು, ಉಳಿದದ್ದರ ಮ್ಯಾಲ ಹಂಗ ಹಾದು ಹೋಗಿದ್ದೆ.

ನನ್ನದು ವಾರಕ್ಕೊಂದು ತಾಸಿನ ಖುಷಿ. ನಿಂದು ಹೊಟ್ಟಿಪಾಡು. ಮಾಲೀಕ ಅನ್ನೂ ಕಡೆ ಕಾಟು ಹಾಕಿ, "ಬಾಡಿ ಕಟ್ಟಿಸಿದವನು" ಅಂತ ಬರದು ಸಹಿ ಹಾಕೀನಿ. ನಡೀತೈತೋ ಇಲ್ಲೋ ಕೇಳು. ರೊಕ್ಕ ಪೂರಾ ತಗೋ, ಗಟ್ಟಿಯಾಗಿ ಕೇಳಿ ತಗೋ, ನಾಚಿಕಿ ಪಡಬ್ಯಾಡ. ನೀ ಕೆಲಸ ಮಾಡೀದಿ.

ಹೊನ್ನೂರುಸ್ವಾಮಿ

*

ಹೊಸಪೇಟೆ
8 ಡಿಸೆಂಬರ್ 2008

ಹೊನ್ನೂರಣ್ಣನಿಗೆ, ದ್ಯಾಮಕ್ಕನಿಗೆ ನಮಸ್ಕಾರಗಳು.

ನಮ್ಮ ಎರಡು ಕಾಗದಗಳು ದಾರಿಯಲ್ಲಿ ಎಲ್ಲೋ ಒಂದನ್ನೊಂದು ದಾಟಿ ಹೋಗಿವೆ. ನಿಮ್ಮ ಸಹಿ ಬಂದಾಗ ನಾನು ಬೇಡ ಅಂದಾಗಿತ್ತು. ಫಾರಂ ಕಳಿಸಲಿಲ್ಲ. ನನ್ನ ಹತ್ತಿರವೇ ಇದೆ, ಇರುತ್ತದೆ. "ಬಾಡಿ ಕಟ್ಟಿಸಿದವನು" ಅನ್ನುವುದನ್ನು ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ವೇಬ್ರಿಡ್ಜಿನ ಕಥೆ ಕೇಳಿ. ಅದಿರಿನ ರೇಟು ಬಿದ್ದುಹೋಗಿ ಇಲ್ಲಿ ರಸ್ತೆ ಉದ್ದಕ್ಕೂ ಲಾರಿಗಳು ಸಾಲಾಗಿ ನಿಂತುಬಿಟ್ಟಿವೆ. ನಾನು ಹೋಗಿ ಸೇರಿ ಎರಡು ವಾರ ಖಾಲಿ ಕುರ್ಚಿ ಬಿಸಿ ಮಾಡಿದೆ. ಆಮೇಲೆ ಸದ್ಯಕ್ಕೆ ಬರಬೇಡಿ, ಹೇಳಿ ಕಳಿಸುತ್ತೇವೆ ಅಂದರು. ಹೊಸ ಬಟ್ಟೆ ಮಾತ್ರ ಲಾಭ. ವಾಪಸ್ ಹಾಲಸ್ವಾಮಿ ಅಂಗಡಿಗೆ ಬಂದು ಕೂತ ದಿನವೇ ಕಂಪನಿಯ ಉತ್ತರ ಬಂತು ಅಂದರೆ ನೀವು ನಂಬಬೇಕು. ಒಪ್ಪಿದ್ದಾರೆ! ಎಲ್ಲಮ್ಮ ಪುಕ್ಕಟೆಯೇ ಇರಲಿ, ಅವಳನ್ನು ನೋಡಿಯೇ ನಾವು ನಿಮ್ಮ ಹತ್ತಿರ ಬಂದದ್ದು, ನಮಗೆ ಹೊಸ ಲಾರಿಗಳನ್ನು ಕಟ್ಟಿಕೊಡಿ, ಒಂದೊಂದಕ್ಕೂ ದುಡ್ಡು ಅಂತ ಬರೆದಿದ್ದಾರೆ. ಅರ್ಧ ಮುಂಗಡ ಬಂದೂ ಆಯಿತು. ಅಪ್ಪನ ಮುಂದೆ ಇಟ್ಟೆ. "ಕುಂತಲ್ಲೇ ಲಾರಿ ಕಟ್ಟೋದಂದ್ರ ಎಂಥಾ ಉದ್ಯೋಗನೋ ನನಗ ತಿಳಿಯಂಗಿಲ್ಲ. ಆದ್ರೂ ಧೂಳಿಲ್ಲ ಬಿಡು" ಅಂದರು. ರಾತ್ರಿ ಊಟಕ್ಕೆ ಅಮ್ಮನಿಗೆ ಹೇಳಿ ಹೋಳಿಗೆ ಮಾಡಿಸಿದ್ದರು.

ಈಗ ನಿಮ್ಮ ಹತ್ತಿರ ಕೆಲಸ ಇದೆ. ನಾನು ಎಲ್ಲಮ್ಮನನ್ನು ನೋಡಿಕೊಂಡು ಕಟ್ಟಿದವನು. ನೋಡಿಕೊಳ್ಳಲು ಲಾರಿ ಇಲ್ಲದೆ ಕಟ್ಟಲು ನನಗೆ ಬರುವುದಿಲ್ಲ. ನೀವು ಈಗ ಒಂದು ಚಾಸಿ ತಂದು, ಖರ್ಚಿನ ಯೋಚನೆ ಇಲ್ಲದೆ, ಮನಸ್ಸಿಗೆ ಬಂದ ಹಾಗೆ ಬಾಡಿ ಕಟ್ಟಿಸುವುದಾದರೆ ಹೇಗೆ ಕಟ್ಟಿಸುತ್ತೀರಿ? ಅದನ್ನು ಬರೆಯಿರಿ. ಪುಕ್ಕಟೆ ಅಲ್ಲ. ಕಂಪನಿ ಕೊಡುವುದರಲ್ಲಿ ನಿಮ್ಮ ಪಾಲು ಅಂತ ಕರಾರು ಕಾಗದದಲ್ಲಿ ಬರೆಸಿದ್ದೇನೆ. ಈ ಸಲ "ಶ್ರೀ" ಹಾಕದೆ ಬರೆಸಿದ್ದೇನೆ.

ಅಚ್ಯುತ

*

ಬಾರ್‌ಬಿಲ್
11 ಜನವರಿ 2009

ಅಚ್ಯುತಾ,

ನಿನ್ನ ಕಾಗದ ಓದಿ ದ್ಯಾಮವ್ವ ಅವತ್ತು ಎಲ್ಲಾ ಡ್ರೈವರ್ ಮಂದಿಗೆ ಮ್ಯಾಲ ಒಂದೊಂದು ಶೇಂಗಾ ಹೋಳಿಗಿ ಹಾಕಿದ್ಳು. ನಾನು ರೊಕ್ಕ ತಗೋ ಅಂದೆ, ಕೇಳ್ಲಿಲ್ಲ.

ಈಗ ವ್ಯವಹಾರದ ಮಾತು. ನಾನು ಈಗ ಬಾಡಿ ಮೇಸ್ತ್ರಿ. ರೊಕ್ಕ ಕೈಗೆ ಬರೋತನಕ ಒಂದು ಮಾತೂ ಬಾಯಿ ಬಿಡಂಗಿಲ್ಲ. ಬಾಯಿ ಬಿಟ್ಟ ಮ್ಯಾಲ ನೀ ಕೊಡದಿದ್ರ ನಾ ಏನು ಮಾಡ್ಲಿ? ಮೊದಲು ಅಡ್ವಾನ್ಸ್ ಕಳಸು. ಇದು ಗಟ್ಟಿ ಮಾತು.

ಆದ್ರ ಒಂದು ಮಾತ್ರ ಈಗ ಹೇಳಿಡ್ತೀನಿ, ಇಲ್ಲಾಂದ್ರ ನೀ ಅವಸರ ಮಾಡಿ ಕೆಡಿಸ್ತಿ. ಕೆಂಪು ಬಣ್ಣ ಹಚ್ಚಬ್ಯಾಡ, ಧೂಳು ಯಾವುದು ಬಣ್ಣ ಯಾವುದು ತಿಳಿಯಂಗಿಲ್ಲ. ಮಾವಿನಕಾಯಿ ಹಸಿರು ಹಚ್ಚು. ಸೀಟಿನ ಹಿಂದ ಮಲಗೋ ಹಲಗಿ ಇರ್ತೈತಲ್ಲ, ಎಲ್ಲಮ್ಮಂದು ಗಿಡ್ಡ ಆಗಿತ್ತು, ಅಷ್ಟು ವರ್ಷ ಮಣಕಾಲು ಮಡಚಿ ಮಲಗಿ ಮಲಗಿಯೇ ನನ್ನ ಸೊಂಟ ಹೋತು ಅಂತೀನಿ. ಹಲಗಿ ಉದ್ದ ಇಡು, ಡ್ರೈವರ್ ಕಾಲು ಚಾಚಬೇಕು. ಕಿಟಕಿ ಆ ಹಲಗಿ ತಲಿ ಕಡೆ ಬರಬೇಕು, ಗಾಳಿ ಮುಖಕ್ಕ ಬಡೀಬೇಕು. ಎಡಗಡೆ ಬಾಗಲಕ್ಕ ಮೆಟ್ಟಲಾ ತಗ್ಗಿಗೆ ಕೂಡಿಸು. ಸೀರಿ ಉಟ್ಟವರು ಹತ್ತಬೇಕಲ್ಲ, ದ್ಯಾಮವ್ವ ಒಮ್ಮಿಯೂ ಎಲ್ಲಮ್ಮನ್ನ ಸಲೀಸಾಗಿ ಹತ್ತಲಿಲ್ಲ, ಪ್ರತಿ ಸಲ ನಾನು ಇಳಿದು ಬಂದು ಕೈ ಕೊಡಬೇಕಿತ್ತು. "ಅದು ಹಂಗ ಇರ್ಲಿ ಅಂತ ಬರಿ" ಅಂತಾಳ ಈಕಿ, ಬಾಜೂಕ ಕುಂತು. ಹಂಗಾದ್ರ ಮೆಟ್ಟಲಾ ಎತ್ತರಕ್ಕ ಇರ್ಲಿ.

ಸ್ಟೋವ್ ಇಡಾಕ ಒಂದು ಗೂಡು, ಅದಕ್ಕೊಂದು ತಗಡಿನ ಬಾಗಲಾ, ನೀರಿನ ಕ್ಯಾನ್ ಸಿಕ್ಕಿಸಾಕ ಕೊಕ್ಕಿ. ತಾಡಪತ್ರಿ ಕಟ್ಟೋ ಹುಕ್ಕು ಹತ್ತಿರ ಹತ್ತಿರ ಹಾಕು, ದೂರ ಹಾಕಿದ್ರ ಗಾಳಿಗೆ ಪಟಪಟ ಅಂತೈತಿ, ನಿದ್ದಿ ಬರಂಗಿಲ್ಲ. ಹಾರ್ನು ಎರಡು ಇಡು. ಒಂದು ಘಾಟಿಗೆ, ದಪ್ಪಂದು. ಇನ್ನೊಂದು ಸಣ್ಣಂದು, ಮನಿ ಹತ್ತಿರ ಬಂದಾಗ ಹೊಡಿಯಾಕ, ಮಂದಿ ಬೈಬಾರದು, ಮನ್ಯಾಗಿನವರಿಗೆ ತಿಳೀಬೇಕು. ಮುಂದಿನ ಗಾಜಿನ ಮ್ಯಾಲ ಹಣಿ ಸ್ವಲ್ಪ ಮುಂದಕ್ಕ ಬಾಗಿರ್ಲಿ, ಬಿಸಿಲು ಕಣ್ಣಿಗೆ ಹೊಡಿಯಂಗಿಲ್ಲ, ಲಾರಿಗೂ ಒಂದು ಗತ್ತು ಬರ್ತೈತಿ. ಹೆಸರು ಏನಿಡ್ತೀಯೋ ನಿನ್ನಿಷ್ಟ. ಹೊಸಾ ಲಾರಿಗೆ ಎಲ್ಲಮ್ಮ ಅಂತ ಮಾತ್ರ ಇಡಬ್ಯಾಡ.

ಸೆಕೆಂಡ್ ಗೇರಿನ ಸದ್ದು ಬಾಯಿಲೆ ಮಾಡಿ ತೋರಿಸ್ತೀನಿ, ಯುಗಾದಿಗೆ ಕಂಪ್ಲಿಗೆ ಬರ್ತೀವಿ, ಸದ್ದು ಹಿಡಿಯೋ ಮಷೀನ್ ತಗೊಂಡು ಬಾ.

ಅಯ್ಯೋ, ಎಲ್ಲಾ ಹೇಳಿಬಿಟ್ಟೆನಲ್ಲೋ! ದ್ಯಾಮವ್ವ ನಗಾಕತ್ತಾಳ, ಹರಿದು ಒಗೀ, ಮತ್ತ ಬರಿ ಅಂತಾಳ. ಇಷ್ಟು ಬರದು ಹರಿಯಾಕ ಮನಸ್ಸು ಬರವಲ್ದು. ಹೋಗ್ಲಿ, ಹಿಂಗ ಹಾಕ್ತೀನಿ. ನೀ ಕೊಡದಿದ್ರೂ ಎರಡನೇ ಲಾರಿಗೂ ಹೇಳ್ತೀನಿ, ಮೂರನೇದಕ್ಕೂ ಹೇಳ್ತೀನಿ.

ಆದ್ರೂ ಕೊಡು.

ಹೊನ್ನೂರುಸ್ವಾಮಿ